ಡ್ರೈವರ್ ಬೀರಪ್ಪನಿಗೆ ಕಂಪ್ಯೂಟರ್ ಕಟ್ಟಿಕೊಟ್ಟದ್ದು

ಗಂಗಾಶ್ರೀಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಶಿಕಾರಿಪುರದಲ್ಲಿ ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಅವಳೂ ಇಲ್ಲವೆನ್ನುವುದಿಲ್ಲ. “ಒಂದು ದಿನ ನನ್ನ ಅಂಗಡೀಲಿ ಕೂತು ನೋಡ್ರಿ, ಆಮೇಲೆ ನನ್ನ ಸಿಟ್ಟಿನ ಬಗ್ಗೆ ಮಾತಾಡ್ರಿ” ಎನ್ನುತ್ತಾಳೆ.

ಅಂಗಡಿ ಎಂದರೆ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ. ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರ. ಅವಳ ಅಪ್ಪ ಗುರುಮಲ್ಲಪ್ಪನವರು ಮೆಕ್ಕೆಜೋಳದ ವ್ಯಾಪಾರಸ್ಥರು. ಅವರ ಗೋದಾಮಿಗೆ ಅಂಟಿಕೊಂಡು, ರಸ್ತೆಯ ಕಡೆ ಬಾಗಿಲಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಬಿಸಿಎ ಓದಿ, ಮದುವೆಯಾಗಿ, ಸಂಬಳ ಯಾವಾಗ ಬರುತ್ತದೆಂದು ಗೊತ್ತೇ ಆಗದ ಡೇಟಾ ಎಂಟ್ರಿ ಕೆಲಸವನ್ನು ಬಿಟ್ಟು ಬಂದು ಅವಳು ಆ ಕೋಣೆ ಕೇಳಿದಳು. ಅಪ್ಪ ಕೊಟ್ಟರು. ಕೊಡುವಾಗ, “ವ್ಯಾಪಾರಕ್ಕೆ ಕೂತವರ ನಾಲಿಗೆ ಮೇಲೆ ಸಕ್ಕರೆ ಇರಬೇಕವ್ವ, ನಿಂದು ಬ್ಯಾಡಗಿ ಮೆಣಸಿನಕಾಯಿ” ಎಂದೂ ಹೇಳಿದರು.

ಮೊದಲ ಎರಡು ವರ್ಷ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: “ಸರ್ ಇಲ್ವೇನ್ರೀ?” ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು, ಎದುರಿಗೆ ಹೊಟ್ಟೆ ಬಿಚ್ಚಿದ ಕಂಪ್ಯೂಟರ್ ಇರುತ್ತಿತ್ತು, ಆದರೂ ಸರ್ ಬೇಕು. ಅವಳ ಗಂಡ ಗುರುಪ್ರಕಾಶನದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಮಧ್ಯಾಹ್ನ ಅವನು ಊಟದ ಡಬ್ಬಿ ಕೊಡಲು ಬಂದರೆ ಸಾಕು, ಗಿರಾಕಿಗಳು ಅವಳನ್ನು ಬಿಟ್ಟು ಅವನ ಸುತ್ತ ನಿಲ್ಲುತ್ತಿದ್ದರು. “ಸರ್, ಇದು ಆನ್ ಆಗ್ತಾನೇ ಇಲ್ಲ ನೋಡ್ರಿ.” ಪಾಪ, ಅವನಿಗೆ ಗೊತ್ತಿದ್ದದ್ದು ಹುಳು ಬಿದ್ದ ಜೋಳಕ್ಕೆ ಏನು ಹೊಡೆಯಬೇಕು ಅನ್ನುವುದಷ್ಟೇ. ಈಗ ಆ ಕಾಟ ತಪ್ಪಿದೆ. ಅದರ ಬದಲು ಯೂಟ್ಯೂಬಿನ ಕಾಟ ಶುರುವಾಗಿದೆ. ಪ್ರತಿಯೊಬ್ಬನೂ ಮನೆಯಲ್ಲೇ ಪಂಡಿತನಾಗಿ ಬರುತ್ತಾನೆ. ಎಲ್ಲರ ಬಾಯಲ್ಲೂ ಲಕ್ಷ ರೂಪಾಯಿಯ ಯಂತ್ರ, ಜೇಬಿನಲ್ಲಿ ಅದರ ಕಾಲುಭಾಗ.

ದೊಡ್ಡಬೀರಪ್ಪ ಬಂದದ್ದು ಸುಗ್ಗಿಯ ಕಾಲದಲ್ಲಿ. ಗೋದಾಮಿನ ಮುಂದೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತು, ಧೂಳು ಅವಳ ಅಂಗಡಿಯೊಳಗೆಲ್ಲ ತುಂಬಿತ್ತು. ಅರವತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹೆಗಲ ಮೇಲೆ ಟವಲು, ಕಪ್ಪು ಕನ್ನಡಕ. ಬಾಗಿಲಲ್ಲಿ ನಿಂತು ಒಳಗೆ ಅತ್ತಿತ್ತ ನೋಡಿದ. ಗಂಗಾಶ್ರೀ ‘ಸರ್ ಇಲ್ವಾ’ ಎಂಬ ಪ್ರಶ್ನೆಗೆ ಹಲ್ಲು ಕಚ್ಚಿಕೊಂಡು ಕಾದಳು.

“ಗಾಡಿ ಓಡಿಸೋ ಕಂಪ್ಯೂಟರ್ ಸಿಗ್ತದೇನವ್ವಾ ಇಲ್ಲಿ?” ಎಂದ.

“ಯಾವ ಗಾಡಿ?”

“ಬಸ್ಸು.”

ಸೊರಬ ತಾಲ್ಲೂಕು ಕುಪ್ಪಗಡ್ಡೆಯವನು. ಕುರಿ ಸಾಕುವ ಮನೆತನ. ಇವನು ಮಾತ್ರ ಕುರಿ ಬಿಟ್ಟು ಬಸ್ಸು ಹಿಡಿದವನು. ಸೊರಬ, ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗ, ಈ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸುತ್ತ ಅವನ ತಲೆ ಬೆಳ್ಳಗಾಗಿತ್ತು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಮಂಜು ಮಾಡಿತು. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕಣ್ಣು ನೋಡಿದ ಡಾಕ್ಟರು ಸಹಿ ಹಾಕಲಿಲ್ಲ. ಅಲ್ಲಿಗೆ ಮುಗಿಯಿತು. ಈಚೆಗೆ ಯಾವನೋ ಹಳೆಯ ಕಂಡಕ್ಟರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದ. ಕಂಪ್ಯೂಟರಿನ ಮುಂದೆ ಕೂತವನೊಬ್ಬ ನಿಜವಾದ ಸ್ಟೇರಿಂಗ್ ಹಿಡಿದು, ಕ್ಲಚ್ ಒತ್ತಿ, ಗೇರು ಹಾಕಿ ಬಸ್ಸು ಓಡಿಸುತ್ತಿದ್ದಾನೆ. ರಸ್ತೆಯ ಪಕ್ಕದಲ್ಲಿ ಕನ್ನಡದ ಬೋರ್ಡು!

“ಅದು ಬೇಕು ನನಗೆ. ಐವತ್ತು ಸಾವಿರ ಐತೆ. ಅದರ ಮ್ಯಾಲೆ ಒಂದು ರೂಪಾಯಿ ಇಲ್ಲ. ಸ್ಟೇರಿಂಗೂ ಅದರಾಗೇ ಆಗಬೇಕು.”

ಅವಳಿಗೆ ಖುಷಿಯೇ ಆಯಿತು. ಬೇಕಾದ್ದು ಇಷ್ಟು, ಇರುವುದು ಇಷ್ಟು ಎಂದು ಹೇಳುವ ಗಿರಾಕಿ ಎಷ್ಟು ಅಪರೂಪ! ಕುರ್ಚಿ ಹಾಕಿ ಕೂರಿಸಿ ವಿವರಿಸಿದಳು. ಸ್ಟೇರಿಂಗು, ಮೂರು ಪೆಡಲು, ಗೇರ್ ಲಿವರ್ ಸೇರಿದ ಸೆಟ್ಟಿಗೇ ಕಾಲುಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಪರದೆಗೆ ಒಂದಿಷ್ಟು. ಉಳಿದದ್ದರಲ್ಲಿ ಕಂಪ್ಯೂಟರ್ ಕಟ್ಟಬೇಕು. ಆಟದ ಚಿತ್ರ ಎಳೆಯುವುದು ಗ್ರಾಫಿಕ್ಸ್ ಕಾರ್ಡು, ಅದಕ್ಕೇ ಹೆಚ್ಚು ಹಣ ಇಡಬೇಕು. ಹೊಸದಾದರೆ ದುಬಾರಿ, ಒಳ್ಳೆಯ ಹಳೆಯದು ಸಿಕ್ಕರೆ ಉಳಿತಾಯ. ಪ್ರೊಸೆಸರ್ ಮಧ್ಯಮದ್ದು ಸಾಕು.

“ಪ್ರೊಸೆಸರ್ ಅಂದ್ರೆ?”

“ಇಂಜಿನ್ ಅನ್ಕೊಳ್ರಿ. ಆರು ಕೋರಿಂದು ಹಾಕೋಣ.”

“ಆರು ಸಿಲಿಂಡ್ರು,” ಎಂದು ಬೀರಪ್ಪ ತಲೆಯಾಡಿಸಿದ. “ಸಾಕು. ಘಾಟಿ ಹತ್ತಬೋದು.”

ಅವಳು ಲೆಕ್ಕ ಹಾಕಿ ಒಂದು ಕೊಟೇಶನ್ ಬರೆದುಕೊಟ್ಟಳು. ಐವತ್ತರ ಒಳಗೇ ಕೂತಿತ್ತು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, “ಅಳಿಯಂದಿರನ್ನ ಒಂದು ಮಾತು ಕೇಳಿಬಿಡ್ತೀನಿ” ಎಂದು ಎದ್ದ.

ಆ ಒಂದು ಮಾತಿನಿಂದ ಅವಳ ಎರಡು ತಿಂಗಳು ಹಾಳಾಯಿತು.

ಅಳಿಯನ ಹೆಸರು ನಾಗೇಶ. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಜೀವನದಲ್ಲಿ ಒಂದು ಕಂಪ್ಯೂಟರನ್ನೂ ಕಟ್ಟಿದವನಲ್ಲ, ಕಟ್ಟುವವರ ವಿಡಿಯೋ ನೋಡುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಮಾವ ಕಳಿಸಿದ ಕೊಟೇಶನ್ ನೋಡಿ ಅವನಿಗೆ ಮೈಯಲ್ಲಿ ದೇವರು ಬಂದಂತಾಗಿರಬೇಕು. ನಾಲ್ಕೇ ದಿನಕ್ಕೆ ಬೀರಪ್ಪ ಮತ್ತೆ ಬಂದು ಮೊಬೈಲು ಮುಂದೆ ಹಿಡಿದ.

“ಸಾಮಾನೆಲ್ಲ ಕೂರಿಸಾಕೆ ಗಾಜಿನ ಡಬ್ಬ ಹಾಕಿಸ್ರಿ ಅಂದಾರೆ. ಒಳಗೆ ಲೈಟು ಬರಬೇಕಂತೆ, ಬಣ್ಣಬಣ್ಣದ್ದು.”

“ಬಸ್ಸು ಓಡಿಸೋಕೆ ಡಬ್ಬದಾಗೆ ಲೈಟ್ ಯಾಕ್ರೀ?”

“ನನಗೇನು ಗೊತ್ತು ತಂಗಿ. ಅಳಿಯಂದಿರು ಹೇಳ್ಯಾರೆ.”

ಅವಳು ಬೇಡವೆಂದು ಒಪ್ಪಿಸಿ ಕಳಿಸಿದಳು. ಮುಂದಿನ ವಾರ ನೀರು ಬಂತು. ಪ್ರೊಸೆಸರಿಗೆ ಫ್ಯಾನು ಸಾಲದು, ನೀರಿನ ಕೂಲಿಂಗೇ ಬೇಕು. “ರೇಡಿಯೇಟರ್ ಇದ್ದಂಗಂತಲ್ಲವ್ವಾ,” ಎಂದು ಬೀರಪ್ಪ ಈ ಸಲ ತಾನೇ ಉತ್ಸಾಹದಲ್ಲಿದ್ದ. ಅವನ ಆಯುಷ್ಯವೆಲ್ಲ ರೇಡಿಯೇಟರಿಗೆ ನೀರು ಹೊಯ್ದದ್ದು. ಅದರ ಮೇಲೆ ಅವನಿಗೊಂದು ಗೌರವ. ಆ ನೀರಿನ ದುಡ್ಡಿಗೆ ಪರದೆಯೇ ಬರುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವಳ ಗಂಟಲು ಒಣಗಿತು.

ಕುಪ್ಪಗಡ್ಡೆಯಿಂದ ಶಿಕಾರಿಪುರವೆಂದರೆ ಸೊರಬದಲ್ಲಿ ಬಸ್ಸು ಬದಲಿಸಿ ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಫೋನಿನಲ್ಲೇ ಕೇಳುತ್ತಿದ್ದರು. ಆದರೆ ಆ ದಾರಿಯ ಯಾವ ಬಸ್ಸಿನಲ್ಲೂ ಬೀರಪ್ಪನಿಗೆ ಟಿಕೆಟ್ ಹರಿಯುವುದಿಲ್ಲ. ಹೊಸ ಡ್ರೈವರುಗಳೂ “ಬರ್ರಿ ಗುರುಗಳೇ” ಎಂದು ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ಹಾಗಾಗಿ ಒಂದೊಂದು ಅನುಮಾನಕ್ಕೂ ಅವನ ಸವಾರಿ ಖುದ್ದಾಗಿ ಬರುತ್ತಿತ್ತು. ದೂರದಿಂದ ಖಾಕಿ ಅಂಗಿ ಕಂಡರೆ ಗಂಗಾಶ್ರೀಗೆ ಎದೆ ಧಸಕ್ಕೆನ್ನುತ್ತಿತ್ತು. ಒಂದು ಸಲ ಕೌಂಟರಿನ ಕೆಳಗೆ ಬಗ್ಗಿ ಕೂತು ಕೇಬಲ್ ಹುಡುಕುವ ನಾಟಕ ಮಾಡಿದಳು. ಅವನು ಬೆಂಚಿನ ಮೇಲೆ ಕೂತು, “ನಿಧಾನಕ್ಕೆ ಹುಡುಕವ್ವಾ, ನನಗೇನು ಟ್ರಿಪ್ಪಿಲ್ಲ” ಎಂದ. ಮಂಡಿ ನೋವು ಬಂದು ಅವಳೇ ಎದ್ದಳು.

ಆಮೇಲೆ ನಾಗೇಶನ ಇನ್ನೊಂದು ಆಜ್ಞೆ: ಮುಂದಿನ ತಿಂಗಳು ಹೊಸ ಮಾದರಿಯ ಕಾರ್ಡು ಬರಲಿದೆ, ಹಳೆಯವುಗಳ ಬೆಲೆ ಬೀಳುತ್ತದೆ, ತಡೆಯಿರಿ.

“ತಡೀಬೇಡ್ರಿ ಯಜಮಾನ್ರೇ,” ಎಂದು ಅವಳು ಬೇಡಿಕೊಂಡಳು. “ಈ ಸಾಮಾನಿನ ದರ ಇವತ್ತಿದ್ದಂಗೆ ನಾಳೆ ಇರಲ್ಲ.”

“ಅಳಿಯಂದಿರ ಮಾತು ಮೀರಾದು ಹೆಂಗೆ? ಮಗಳು ಅವರ ಮನ್ಯಾಗೆ ಬಾಳ್ವೆ ಮಾಡಬೇಕು.”

ಗ್ರಾಫಿಕ್ಸ್ ಕಾರ್ಡಿಗೂ ಮಗಳ ಬಾಳ್ವೆಗೂ ಏನು ಸಂಬಂಧ ಎಂದು ಕೇಳುವುದು ಅವಳ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಅಳಿಯನ ಮಾತಿನಂತೆ ಕಾದರು. ಆ ತಿಂಗಳಲ್ಲೇ ರ್‍ಯಾಮಿನ ಬೆಲೆಗೆ ಹುಚ್ಚು ಹಿಡಿಯಿತು. ರ್‍ಯಾಮ್ ಎಂದರೆ ಕಂಪ್ಯೂಟರು ಕೆಲಸ ಮಾಡುವಾಗ ಬೇಕಾಗುವ ನೆನಪಿನ ಪಟ್ಟಿ; ಅದಿಲ್ಲದೆ ಏನೂ ನಡೆಯದು. ಶಿವಮೊಗ್ಗದ ಡೀಲರನಿಗೆ ಬೆಳಿಗ್ಗೆ ಫೋನ್ ಮಾಡಿದರೆ ಒಂದು ದರ, ಮಧ್ಯಾಹ್ನ ಇನ್ನೊಂದು. ಯಾಕೆ ಎಂದರೆ, “ಎಲ್ಲಾ ಎಐ ಕಂಪನಿಯೋರು ಬಾಚ್ಕೊಂಡು ಹೋಗ್ತಾವ್ರೆ ಮೇಡಂ, ನಾವೇನು ಮಾಡೋದು.” ನೋಡನೋಡುತ್ತಿದ್ದಂತೆ ಬೆಲೆ ಎರಡು ಪಟ್ಟಾಯಿತು, ಅದನ್ನೂ ದಾಟಿತು. ಭೂಮಿಯ ಯಾವ ತುದಿಯಲ್ಲೋ ಯಂತ್ರಗಳಿಗೆ ಬುದ್ಧಿ ಕಲಿಸಲು ಹೊರಟವರು ಕುಪ್ಪಗಡ್ಡೆಯ ಬೀರಪ್ಪನ ಬಸ್ಸಿಗೆ ಅಡ್ಡ ಬಂದಿದ್ದರು. ಅವಳು ಬರೆದುಕೊಟ್ಟಿದ್ದ ಕೊಟೇಶನ್ ಈಗ ಮೂಗು ಒರೆಸಲಿಕ್ಕೂ ಬಾರದು.

“ಮೆಕ್ಕೆಜೋಳ ಇಳಿದರೆ ರೈತ ಬಯ್ತಾನೆ, ಏರಿದರೆ ಕೋಳಿ ಫಾರಮ್ಮಿನೋನು ಬಯ್ತಾನೆ,” ಎಂದು ಊಟದ ಹೊತ್ತಿಗೆ ಅಪ್ಪ ನಕ್ಕರು. “ನಿನ್ನನ್ನ ಏರಿದರೂ ಇಳಿದರೂ ಗಿರಾಕಿನೇ ಬಯ್ತಾನೆ ನೋಡು.”

ಅವಳಿಗೆ ನಗು ಬರಲಿಲ್ಲ. ಹೇಗಾದರೂ ಮಾಡಿ ಈ ಮನುಷ್ಯನ ಕಂಪ್ಯೂಟರ್ ಮುಗಿಸಿ ಕೈತೊಳೆದುಕೊಳ್ಳಬೇಕೆಂದು ಹಟ ಹಿಡಿದಳು. ಶಿವಮೊಗ್ಗದಲ್ಲಿ ಗೇಮಿಂಗ್ ಕೆಫೆಯೊಂದು ಮುಚ್ಚುತ್ತಿದೆಯೆಂದು ತಿಳಿದು, ತಾನೇ ಬಸ್ಸು ಹತ್ತಿ ಹೋಗಿ, ಅಲ್ಲಿದ್ದ ಕಾರ್ಡುಗಳಲ್ಲಿ ಒಂದನ್ನು ಓಡಿಸಿ ನೋಡಿ, ಬಿಸಿಯಾಗುವುದೇ ಎಂದು ಕೈಯಿಟ್ಟು ಪರೀಕ್ಷಿಸಿ ಆರಿಸಿದಳು. ಎರಡು ದಿನ ಇಟ್ಟಿರಿ ಎಂದು ಹೇಳಿ ಬಂದಳು. ಬೀರಪ್ಪನಿಗೆ ಫೋನ್ ಮಾಡಿದಳು. ಬೀರಪ್ಪ ಅಳಿಯನಿಗೆ ಮಾಡಿದ. ಅಳಿಯ, ಅದು ಹಗಲೂ ರಾತ್ರಿ ಬಿಟ್‌ಕಾಯಿನ್ ಗಣಿಗಾರಿಕೆಗೆ ದುಡಿದು ಸತ್ತಿರುವ ಕಾರ್ಡು, ಮುಟ್ಟಬೇಡಿ ಎಂದ. ಹೌದೋ ಅಲ್ಲವೋ ಎಂಬ ತೀರ್ಮಾನ ಬರುವಷ್ಟರಲ್ಲಿ ಕಾರ್ಡನ್ನು ಸಾಗರದ ಯಾರೋ ಕೊಂಡುಹೋದರು.

ಕೊನೆಗೆ ಕಟ್ಟೆ ಒಡೆದದ್ದು ಪವರ್ ಸಪ್ಲೈ ವಿಷಯಕ್ಕೆ. ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಹಂಚುವ ಪೆಟ್ಟಿಗೆ ಅದು. ಅಗ್ಗದ ಡಬ್ಬ ಕೊಂಡರೆ ಅದರ ಜತೆಗೇ ಒಂದು ಪುಕ್ಕಟೆ ಬರುತ್ತದೆ. ನಾಗೇಶನ ಹೊಸ ಯೋಜನೆಯಂತೆ ಆ ಪುಕ್ಕಟೆಯದನ್ನೇ ಇಟ್ಟುಕೊಂಡು, ಉಳಿದ ದುಡ್ಡಿನಲ್ಲಿ ಚಿತ್ರ ವೇಗವಾಗಿ ಬದಲಾಗುವ ದುಬಾರಿ ಪರದೆ ಹಾಕಬೇಕು. ಹಳ್ಳಿಯ ಕರೆಂಟಿಗೆ ಆ ಪೆಟ್ಟಿಗೆ ಸುಟ್ಟರೆ ತಾನೊಂದೇ ಸುಡುವುದಿಲ್ಲ, ಪಕ್ಕದಲ್ಲಿದ್ದವರನ್ನೂ ಕರೆದುಕೊಂಡು ಹೋಗುತ್ತದೆ ಎಂದು ಅವಳು ಹೇಳಿದಳು. ಬೀರಪ್ಪ ಸ್ಪೀಕರ್ ಹಾಕಿ ಮೊಬೈಲನ್ನು ಕೌಂಟರಿನ ಮೇಲಿಟ್ಟ.

“ಮೇಡಂ, ನೂರಾ ನಲವತ್ತನಾಲ್ಕು ಹರ್ಟ್ಸ್ ಪರದೇನೇ ಬೇಕು. ಸಾದಾದ್ದು ಹಾಕಿದ್ರೆ ಮಾವನಿಗೆ ಸ್ಮೂತ್ ಅನ್ಸಲ್ಲ,” ಎಂದಿತು ಮೊಬೈಲು.

“ನಾಗೇಶ್ ಸರ್, ಈ ದುಡ್ಡಿಗೆ ಬರೋ ಕಾರ್ಡಿಗೆ ಅಷ್ಟು ತಾಕತ್ತಿಲ್ಲ.”

“ಅದಕ್ಕೇ ಹೇಳಿದ್ದು, ಹೊಸ ಕಾರ್ಡಿಗೆ ಕಾಯ್ರಿ ಅಂತ.”

“ಕಾದಿದ್ದಕ್ಕೇ ರ್‍ಯಾಮಿನ ರೇಟು ಈ ಗತಿ ಆಗಿರೋದು!”

“ನಾನು ಜಸ್ಟ್ ಗೈಡ್ ಮಾಡ್ತಿದೀನಿ, ಮೇಡಂ. ನೀವು ಯಾಕೆ ಪರ್ಸನಲ್ ಆಗಿ ತಗೋತೀರಿ?”

“ಗೈಡ್ ಮಾಡೋದಾದ್ರೆ ಇಲ್ಲಿ ಬಂದು ಸ್ಕ್ರೂ ತಿರುಗಿಸ್ರಿ!” ಎಂದು ಗಂಗಾಶ್ರೀ ಕಿರುಚಿದಳು. ಗೋದಾಮಿನಲ್ಲಿ ಚೀಲ ಹೊರುತ್ತಿದ್ದವರು ನಿಂತು ನೋಡಿದರು. ಅವಳು ಮೊಬೈಲಿನ ಕೆಂಪು ಗುಂಡಿ ಒತ್ತಿ, ಅದನ್ನು ಬೀರಪ್ಪನ ಕಡೆ ತಳ್ಳಿದಳು. “ಯಜಮಾನ್ರೇ, ನಿಮಗೆ ಕೈ ಮುಗೀತೀನಿ. ಬೇರೆ ಅಂಗಡಿ ನೋಡ್ಕೊಳ್ರಿ. ನನ್ನ ಕೈಲಿ ಆಗಲ್ಲ.”

ಬೀರಪ್ಪ ಎದ್ದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. “ನನಗೆ ಎಷ್ಟಾದ್ರೂ ಬಯ್ಯವ್ವಾ. ಅಳಿಯನ್ನ ಅನ್ನಬಾರದಾಗಿತ್ತು,” ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಪೀಡೆ ತೊಲಗಿತೆಂದು ಅವಳು ಒಂದು ದಿನ ಹಾಯಾಗಿದ್ದಳು. ಎರಡನೇ ದಿನದಿಂದ ಬಾಗಿಲ ಕಡೆ ಕಣ್ಣು ಹೋಗತೊಡಗಿತು. ಇದು ಇನ್ನೂ ಕಿರಿಕಿರಿ. ಬಯ್ದವಳು ತಾನು, ಸರಿಯಾಗಿಯೇ ಬಯ್ದಿದ್ದು, ಆದರೂ ಆ ಮುದುಕ ಟವಲು ಕೊಡವಿದ ರೀತಿ ಮನಸ್ಸಿನಿಂದ ಹೋಗುತ್ತಿಲ್ಲ.

ವಾರ ಕಳೆದು ಸಂತೆಯ ದಿನ ಬೀರಪ್ಪ ಮತ್ತೆ ಬಂದ. ಈ ಸಲ ಮುಂದೆ ನಡೆದುಬಂದವಳು ಒಬ್ಬ ಹೆಂಗಸು. ಎತ್ತರದ ಆಳು, ಹಣೆಯ ತುಂಬ ಭಂಡಾರ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬೀರಪ್ಪ ಹಿಂದೆ ಬ್ಯಾಗು ಹಿಡಿದು ನಿಂತಿದ್ದ.

“ನೀನೇ ಏನವ್ವಾ ಗಂಗಾಶ್ರೀ ಅಂದ್ರೆ? ನಾನು ಗುತ್ಯಮ್ಮ. ಇವನ ಹೆಂಡ್ತಿ.”

ಜಗಳಕ್ಕೇ ಬಂದಳೆಂದು ಗಂಗಾಶ್ರೀ ಸೆಟೆದು ನಿಂತಳು.

“ನೋಡವ್ವಾ, ನಾನು ಬಂದಳಿಕೆ ಕಡೆ ಹೆಣ್ಣು. ಹುಟ್ಟಿದಾಗಿಂದ ಕುರಿ ಕೊಂಡೀನಿ, ಮಾರೀನಿ. ಕುರಿ ಕೊಳ್ಳಾಕೆ ಹೋದಾಗ ಹಲ್ಲು ನೋಡ್ತೀವಿ, ಬೆನ್ನು ಹಿಡಿದು ನೋಡ್ತೀವಿ, ರೇಟು ಮುರೀತೀವಿ. ಶಿವಮೊಗ್ಗಕ್ಕೆ ಫೋನ್ ಮಾಡಿ ಅಳಿಯನ್ನ ಕೇಳ್ತೀವಾ?”

“ಏ, ಮೆಲ್ಲಗೆ,” ಎಂದ ಬೀರಪ್ಪ.

“ನೀ ಸುಮ್ಕಿರು. ಎರಡು ವರ್ಷಾತು ಕಣವ್ವಾ, ಈ ಮನುಷ್ಯ ನಸುಕಿನಾಗೆ ಎದ್ದು, ಮಿಂದು, ಖಾಕಿ ಅಂಗಿ ಹಾಕ್ಕಂಡು ಕೂರ್ತಾನೆ. ಎಲ್ಲಿಗೂ ಹೋಗಾದಿಲ್ಲ. ಕುರಿ ಹೊಡಕಂಡು ಹೋಗು ಅಂದ್ರೆ ರಸ್ತ್ಯಾಗೆ ನಿಂತು ಬರೋ ಹೋಗೋ ಗಾಡಿಗೆಲ್ಲ ಸೈಡ್ ಕೊಡ್ತಾನೆ. ನಮ್ಮ ಕುರಿ ನಾಯಿ ಪಾಲು. ನನಗೆ ಸಾಕಾಗೈತೆ. ಐವತ್ತರಾಗೆ ಏನು ಬರ್ತದೋ ನೀನೇ ಆರಿಸಿ ಕೊಡು. ಅಳಿಯಗೆ ನಾನು ಹೇಳ್ತೀನಿ.”

“ಹಳೇ ಕಾರ್ಡು ಹಾಕಬೇಕಾಗ್ತದೆ ಅಮ್ಮಾ. ರ್‍ಯಾಮ್ ಅರ್ಧ ಈಗ, ಅರ್ಧ ಮುಂದೆ. ಪರದೆ ಸಾದಾದ್ದು. ಪವರ್ ಸಪ್ಲೈ ಮಾತ್ರ ಒಳ್ಳೇದೇ ಹಾಕ್ತೀನಿ, ಅದ್ರಲ್ಲಿ ಚೌಕಾಸಿ ಇಲ್ಲ.”

“ಹಾಕು.”

ಅಷ್ಟೇ. ಎರಡು ತಿಂಗಳ ವ್ಯವಹಾರ ಒಂದು ಲೋಟ ಟೀ ಆರುವ ಮೊದಲು ಮುಗಿದಿತ್ತು. ಗಂಗಾಶ್ರೀಗೆ ನಿರಾಳಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂತು. ಈಕೆ ಮೊದಲ ದಿನವೇ ಬರಬಾರದಾಗಿತ್ತೇ?

ಭಾಗಗಳು ಒಂದೊಂದಾಗಿ ಬಂದವು. ಹಳೆಯ ಕಾರ್ಡನ್ನು ದಾವಣಗೆರೆಯ ಪರಿಚಯದವರಿಂದ ತರಿಸಿ, ಎರಡು ದಿನ ಎಡೆಬಿಡದೆ ಓಡಿಸಿ ನೋಡಿದಳು. ಆಟ ಹಾಕಿ, ಅದಕ್ಕೆ ನಮ್ಮ ಕಡೆಯ ರಸ್ತೆಗಳನ್ನು ಯಾರೋ ಆಸಕ್ತರು ಮಾಡಿಟ್ಟಿದ್ದನ್ನು ಹುಡುಕಿ ಸೇರಿಸಿದಳು. ಭಾನುವಾರ ಗುರುಪ್ರಕಾಶ ಗೊಬ್ಬರ ಸಾಗಿಸುವ ಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು, ಗಂಡಹೆಂಡಿರಿಬ್ಬರೂ ಕುಪ್ಪಗಡ್ಡೆಗೆ ಹೋದರು.

ಶೀಟು ಹೊದಿಸಿದ ಮನೆ, ಪಕ್ಕದಲ್ಲೇ ಕುರಿಹಟ್ಟಿ. ಟಿವಿ ಇದ್ದ ಕೋಣೆಯಲ್ಲಿ ಹಳೆಯ ಊಟದ ಮೇಜಿಗೆ ಸ್ಟೇರಿಂಗ್ ಬಿಗಿದರು. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಕಂಪ್ಯೂಟರ್ ಏಳಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಅಂಗಡಿಯಲ್ಲಿ ಎರಡು ದಿನ ಓಡಿದ ಯಂತ್ರ! ಬೀರಪ್ಪ, “ಸೆಲ್ಫ್ ಹೋಗಿರಬೇಕು, ತಳ್ಳಾನಾ?” ಎಂದು ಗಂಭೀರವಾಗಿಯೇ ಕೇಳಿದ. ಅವಳು ಹಲ್ಲು ಕಚ್ಚಿಕೊಂಡು ಮೀಟರ್ ಹಿಡಿದು ನೋಡಿದಳು. ಪಕ್ಕದ ತೋಟದಲ್ಲಿ ಪಂಪು ಓಡುತ್ತಿದ್ದರಿಂದ ವೋಲ್ಟೇಜು ನೆಲ ಕಚ್ಚಿತ್ತು. ಪಂಪು ನಿಲ್ಲುವವರೆಗೆ ಕಾಯಬೇಕಾಯಿತು. ಗುತ್ಯಮ್ಮ ರೊಟ್ಟಿ, ಹುರುಳಿಕಟ್ಟಿನ ಸಾರು ಬಡಿಸಿದಳು. ಸ್ಟೆಬಿಲೈಸರ್ ಎಂಬ ಇನ್ನೊಂದು ಖರ್ಚಿನ ಮಾತನ್ನು ಹೇಗೆ ಎತ್ತುವುದೆಂದು ಗಂಗಾಶ್ರೀ ಊಟದುದ್ದಕ್ಕೂ ಯೋಚಿಸಿದಳು.

ಮಧ್ಯಾಹ್ನದ ಮೇಲೆ ಪರದೆ ಬೆಳಗಿತು. ಬಸ್ಸಿನ ಮುಂಗಾಜು, ಅದರಾಚೆ ಕಪ್ಪು ರಸ್ತೆ, ಎರಡೂ ಕಡೆ ಸಾಲುಮರ. ಬೀರಪ್ಪ ಚಪ್ಪಲಿ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಕ್ಲಚ್ ಒತ್ತಿ ಗೇರು ಹಾಕಿದ. ಬಸ್ಸು ಒಂದು ಚೂರೂ ಕುಲುಕದೆ, ಹಾಲಿನ ಮೇಲೆ ಕೆನೆ ಸರಿದಂತೆ ಹೊರಟಿತು. ಗುರುಪ್ರಕಾಶ ಬಾಯಿ ತೆರೆದು ನೋಡಿದ. ಮೊದಲ ತಿರುವಿನಲ್ಲಿ ಬೀರಪ್ಪ ಹಾರ್ನ್ ಹೊಡೆದಾಗ ಹಟ್ಟಿಯ ಕುರಿಗಳೆಲ್ಲ ಒಟ್ಟಿಗೆ ಅರಚಿದವು. ಅವನ ಮುಖ ನೋಡಿ ಗಂಗಾಶ್ರೀಗೆ, ಆಯಿತು, ಪಟ್ಟ ಪಾಡಿಗೆ ಬೆಲೆ ಬಂತು ಅನ್ನಿಸಿತು.

ಎರಡನೆಯ ತಿರುವಿನಲ್ಲಿ ಅವನು ಬೆವರಿದ. ಮೂರನೆಯದರಲ್ಲಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎದ್ದವನೇ ಹಿತ್ತಲಿಗೆ ಓಡಿ ರೊಟ್ಟಿ ಸಾರನ್ನೆಲ್ಲ ಕಕ್ಕಿಬಿಟ್ಟ.

“ತಲೆ ಗಿರ್ ಅಂತದೆ,” ಎಂದು ಬಂದು ಚಾಪೆಯ ಮೇಲೆ ಮಲಗಿದ. “ಕಣ್ಣು ಹೋಗ್ತಾ ಐತೆ ಅಂತದೆ, ಕುಂಡಿ ಕೂತೀನಿ ಅಂತದೆ. ಗಾಡಿ ಅಂದ್ರೆ ಕೂತಲ್ಲಿ ಗೊತ್ತಾಗಬೇಕು ತಂಗಿ.”

ಇದಕ್ಕೆ ಏನು ರಿಪೇರಿ ಮಾಡುವುದು? ಗಂಗಾಶ್ರೀ ಊರಿಗೆ ಬಂದು ಅಂತರ್ಜಾಲವನ್ನೆಲ್ಲ ಜಾಲಾಡಿದಳು. ಇಂಥ ಆಟದಲ್ಲಿ ಕೆಲವರಿಗೆ ಹೀಗಾಗುವುದುಂಟು, ನಿಜವಾಗಿ ಗಾಡಿ ಓಡಿಸಿದವರಿಗೆ ಇನ್ನೂ ಜಾಸ್ತಿ ಎಂದು ತಿಳಿಯಿತು. ನೋಟದ ಕೋನ ಬದಲಿಸಿ, ಪರದೆಯಿಂದ ದೂರ ಕೂರಿ, ಫ್ಯಾನ್ ಹಾಕಿಕೊಳ್ಳಿ ಎಂದೆಲ್ಲ ಬರೆದಿದ್ದರು. ನಾಗೇಶ ಹೇಳಿದಂಥ ವೇಗದ ಪರದೆ ಹಾಕಿದರೆ ಸ್ವಲ್ಪ ಕಡಿಮೆಯಾದೀತು ಎಂದೂ ಒಬ್ಬ ಬರೆದಿದ್ದ. ಅದನ್ನು ಓದಿ ಅವಳಿಗೆ ಮೊಬೈಲನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ನಾಗೇಶನ ಫೋನೂ ಬಂತು. “ನಾನು ಹೇಳಿರಲಿಲ್ವಾ ಮೇಡಂ?” ಎಂದ. ಅವಳು, “ಹೇಳಿದ್ರಿ ಸರ್” ಎಂದಷ್ಟೇ ಹೇಳಿ ಇಟ್ಟಳು. ಅಷ್ಟು ಹೇಳಲು ಪಟ್ಟ ಕಷ್ಟ ಅವಳಿಗೇ ಗೊತ್ತು.

ಫೋನಿನಲ್ಲಿ ಹೇಳಿಕೊಟ್ಟು ಏನೇನೋ ಬದಲಿಸಿದರು. ಬೀರಪ್ಪನಿಗೆ ತಲೆ ತಿರುಗುವುದು ಸ್ವಲ್ಪ ತಡವಾಯಿತು, ನಿಲ್ಲಲಿಲ್ಲ. ಇನ್ನೇನು, ವಾಪಸು ತಗೋ ಎನ್ನುತ್ತಾನೆ ಎಂದು ಅವಳು ಕಾದಳು. ಹದಿನೈದು ದಿನ ಸದ್ದಿಲ್ಲ. ಆಮೇಲೆ ಬೀರಪ್ಪನೇ ಫೋನ್ ಮಾಡಿ, “ಒಂದು ಸಲ ಬಂದು ಹೋಗವ್ವಾ. ಕ್ಲಚ್ ಪೆಡಲು ಕಿತ್ತು ಬಂದೈತೆ” ಎಂದ.

“ನಿಮಗೆ ತಲೆ ತಿರುಗ್ತದೆ ಅಂದ್ರಲ್ಲ, ಕಿತ್ತು ಬರೋ ಹಂಗೆ ಒತ್ತಿದೋರು ಯಾರು?”

“ಬಂದು ನೋಡು,” ಎಂದ. ದನಿಯಲ್ಲಿ ಭಾರಿ ಬೇಸರವಿತ್ತು.

ಬುಧವಾರ ಅಂಗಡಿಗೆ ಬೀಗ ಹಾಕಿ, ಸ್ಕ್ರೂಡ್ರೈವರ್ ಚೀಲ ಹಿಡಿದು, ಬಯ್ದುಕೊಳ್ಳುತ್ತಲೇ ಬಸ್ಸು ಹತ್ತಿದಳು. ಸೊರಬದಲ್ಲಿ ಬಸ್ಸು ತಪ್ಪಿ, ಒಂದು ಗಂಟೆ ಕಾದು, ಕುಪ್ಪಗಡ್ಡೆ ಮುಟ್ಟುವಷ್ಟರಲ್ಲಿ ಬಿಸಿಲು ಬಾಗಿತ್ತು. ಅಂಗಳದಲ್ಲೇ ಬೀರಪ್ಪನ ಕೂಗು ಕೇಳಿಸಿತು. “ಮಿರರ್ ನೋಡು! ಮಿರರ್ ನೋಡೇ ಅಂದ್ರೆ!”

ಒಳಗೆ ಸ್ಟೇರಿಂಗ್ ಹಿಂದೆ ಕೂತಿದ್ದವಳು ಗುತ್ಯಮ್ಮ. ಸೆರಗು ಸೊಂಟದಲ್ಲಿ, ಕಣ್ಣು ಪರದೆಯಲ್ಲಿ. ಕಿತ್ತ ಪೆಡಲನ್ನು ಕುರಿ ಕಟ್ಟುವ ಹಗ್ಗದಿಂದ ಬಿಗಿದು ಮುಂದುವರಿಸಿದ್ದಳು. ಬೀರಪ್ಪ ಪರದೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಹೆಂಡತಿಯ ಪಾದಗಳನ್ನೇ ನೋಡುತ್ತಿದ್ದ. ಹಾಗೆ ಕೂತರೆ ತಲೆ ತಿರುಗುವುದಿಲ್ಲವಂತೆ. ಕಾಲು ನೋಡಿ, ಇಂಜಿನ್ನಿನ ಸದ್ದು ಕೇಳಿ, ಗಾಡಿ ಎಲ್ಲಿದೆ, ಏನಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು.

“ನೋಡು ತಂಗಿ,” ಎಂದು ಅವನು ಅಳುವ ದನಿಯಲ್ಲಿ ಹೇಳಿದ. “ನಾಕನೇ ಗೇರಿನಾಗೆ ದಿಬ್ಬ ಹತ್ತಿಸ್ತಾಳೆ. ಕ್ಲಚ್ ಮ್ಯಾಲೆ ಕಾಲಿಟ್ಟು ತೆಗೆಯಾದೇ ಇಲ್ಲ. ಹೇಳಿದ್ರೆ ನನಗೇ ಬಯ್ತಾಳೆ. ಬೆಳಿಗ್ಗೆ ಕುರಿ ಬಿಟ್ಟು ಬಂದಾಕಿ ಇಲ್ಲೇ ಕೂತಳು.”

“ಇಷ್ಟು ವರ್ಷ ಇವನ ಬಸ್ಸಿನಾಗೆ ಹಿಂದೆ ಕೂತೆ ಕಣವ್ವಾ,” ಎಂದಳು ಗುತ್ಯಮ್ಮ, ತಿರುಗಿ ನೋಡದೆ. “ಒಂದು ದಿನ ಮುಂದಕ್ಕೆ ಕರೀಲಿಲ್ಲ.”

“ಮುಂದೆ ಕರೆದಿದ್ರೆ ಅವತ್ತೇ ಕೆಲಸ ಹೋಗ್ತಿತ್ತು. ಸೆಕೆಂಡ್ ಹಾಕೇ! ಸೆಕೆಂಡ್!”

ಪೆಡಲು ಬಿಚ್ಚಿ ಕೊಡಿರೆಂದು ಗಂಗಾಶ್ರೀ ಕೇಳಿದಳು. ಈ ಟ್ರಿಪ್ ಮುಗಿಯಲಿ ಎಂದಳು ಗುತ್ಯಮ್ಮ. ಗಂಗಾಶ್ರೀ ಸ್ಕ್ರೂಡ್ರೈವರ್ ಹಿಡಿದು ಕಾದಳು. ಟ್ರಿಪ್ ಮುಗಿಯುವ ಲಕ್ಷಣ ಕಾಣಲಿಲ್ಲ. ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

“ನಾನು ಬರ್ತೀನ್ರೀ. ಪೆಡಲನ್ನ ಅಂಗಡಿಗೇ ಕಳಿಸಿಕೊಡ್ರಿ,” ಎಂದು ಎದ್ದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಗಂಟಲೇರಿಸಿ ಇನ್ನೊಮ್ಮೆ ಹೇಳಿದಳು.

“ಅವಸರ ಮಾಡಬ್ಯಾಡ, ಕೂತ್ಕವ್ವಾ,” ಎಂದಳು ಗುತ್ಯಮ್ಮ, ಎರಡೂ ಕೈಯಲ್ಲಿ ಚಕ್ರ ತಿರುಗಿಸುತ್ತ. “ಮುಂದಿನ ಸ್ಟಾಪಿನಾಗೆ ನಿಲ್ಲಿಸ್ತೀನಿ.”

ಗಂಗಾಶ್ರೀ ಕೂತಳು. ಸ್ಟಾಪು ಬಂತು, ಬೀರಪ್ಪ ಬ್ರೇಕ್ ಬ್ರೇಕ್ ಎಂದು ನೆಲ ಬಡಿದ, ಬಸ್ಸು ಅದನ್ನು ದಾಟಿಕೊಂಡು ಹೋಯಿತು.